ಯೆಶಾಯನ ಸುರುಳಿಯ ಒಂದು ಅಂಕಣವನ್ನು ನಾನು ಓದಿದ ಬಗೆ

ಓಲೆಗರಿಗಳ ಪಾಠ ಸಿದ್ಧಪಡಿಸುವ ಕೆಲಸದಲ್ಲಿ ಹಲವು ವರ್ಷ ಕಳೆದಿದ್ದ ನನಗೆ ಹೀಬ್ರೂ ಅಕ್ಷರವೇ ಗೊತ್ತಿರಲಿಲ್ಲ. ಮೃತ ಸಮುದ್ರದ ದಡದ ಕುಮ್ರಾನ್ ಗುಹೆಯಲ್ಲಿ 1947ರಲ್ಲಿ ಸಿಕ್ಕಿದ, ಹೀಬ್ರೂ ಬೈಬಲಿನ ಪ್ರವಾದಿ ಯೆಶಾಯನ ಗ್ರಂಥವಿರುವ ದೊಡ್ಡ ಸುರುಳಿಯ ಚಿತ್ರಗಳನ್ನು ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂ 2011ರಲ್ಲಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಅಕ್ಷರ ಕಲಿಯುವ ಆಸೆ ನನ್ನಲ್ಲಿ ಹುಟ್ಟಿದ್ದು ಅವನ್ನು ನೋಡಿದ ಮೇಲೆ. ಹದಿನೇಳು ಚರ್ಮದ ಹಾಳೆಗಳನ್ನು ಹೊಲಿದು ಮಾಡಿದ, ಏಳು ಮೀಟರಿಗೂ ಹೆಚ್ಚು ಉದ್ದದ, 54 ಅಂಕಣಗಳ ಆ ಸುರುಳಿಯಲ್ಲಿ ನಾನು ಪೂರ್ತಿಯಾಗಿ ಬಿಡಿಸಿ ಬರೆದುಕೊಂಡದ್ದು 33ನೇ ಅಂಕಣವೊಂದನ್ನೇ.

ಅಲ್ಲಿ ಅಕ್ಷರಗಳು ಗೆರೆಯ ಮೇಲೆ ಕೂರುವುದಿಲ್ಲ, ಗೆರೆಯಿಂದ ಕೆಳಕ್ಕೆ ಜೋತುಬೀಳುತ್ತವೆ. ವಾವ್ ಮತ್ತು ಯೋದ್ ಎಂಬ ಅಕ್ಷರಗಳು ಎಷ್ಟೋ ಕಡೆ ಒಂದೇ ರೀತಿ ಕಾಣುವುದರಿಂದ ಅನುಮಾನ ಬಂದಾಗಲೆಲ್ಲ ಮುದ್ರಿತ ಹೀಬ್ರೂ ಬೈಬಲ್ ನೋಡುತ್ತಿದ್ದೆ, ತಪ್ಪಾದದ್ದೂ ಅದರಿಂದಲೇ. ‘ಏಕೆಂದರೆ’ ಎಂಬರ್ಥದ ‘ಕಿ’ ಎಂಬ ಎರಡಕ್ಷರದ ಪದಕ್ಕೆ ಈ ಲಿಪಿಕಾರ ಕೊನೆಯಲ್ಲೊಂದು ಆಲೆಫ್ ಅಕ್ಷರ ಸೇರಿಸಿ ಮೂರಕ್ಷರ ಮಾಡುತ್ತಾನೆ. ಅಚ್ಚಿನ ಪ್ರತಿ ಕಣ್ಣಿಗೆ ಅಂಟಿಕೊಂಡಿದ್ದ ನಾನು ಆ ಆಲೆಫ್ ಅನ್ನು ಒಂದು ಸಲವೂ ಬರೆದುಕೊಂಡಿರಲಿಲ್ಲ. ಪ್ರತಿಯಲ್ಲಿ ಕಂಡದ್ದನ್ನು ಮೊದಲು ಬರೆ, ಗೊತ್ತಿದ್ದದ್ದನ್ನು ಆಮೇಲೆ ಎಂದು ಕಿರಿಯರಿಗೆ ಹೇಳಿಕೊಟ್ಟವನೇ ನಾನು! ಪುಸ್ತಕ ಮುಚ್ಚಿಟ್ಟು ಮೊದಲಿನಿಂದ ಬರೆದೆ.

ಹಾಗೆ ಬರೆಯುವಾಗ 40ನೇ ಅಧ್ಯಾಯದ ಏಳು ಮತ್ತು ಎಂಟನೇ ವಚನಗಳ ಬಳಿ ಕೈ ನಿಂತಿತು. ‘ಹುಲ್ಲು ಒಣಗುತ್ತದೆ, ಹೂವು ಬಾಡುತ್ತದೆ’ ಎಂಬ ಮಾತು ಎರಡೂ ವಚನಗಳಲ್ಲಿ ಬರಬೇಕು. ಮೂಲ ಲಿಪಿಕಾರ ಅದನ್ನು ಒಮ್ಮೆ ಮಾತ್ರ ಬರೆದಿದ್ದು, ನಡುವಿನ ಮಾತುಗಳನ್ನು ಬೇರೊಂದು ಕೈ ಸಾಲಿನ ಮೇಲೆ ಸಣ್ಣಗೆ ಬರೆಯುತ್ತಾ ಹೋಗಿ, ಜಾಗ ಸಾಲದೆ ಎಡ ಅಂಚಿನಲ್ಲಿ ಕೆಳಮುಖವಾಗಿ ಇಳಿಸಿದೆ. ಓಲೆಗರಿಗಳಲ್ಲಿ ಬಿಟ್ಟುಹೋದ ಮಾತಿಗೆ ಹಂಸಪಾದ ಹಾಕುವುದನ್ನು ದಿನವೂ ಕಂಡಿದ್ದ ನಾನು, ಕಣ್ಣು ಹಾರಿ ಆದ ಗ್ರಂಥಪಾತವಿದು, ಅಂದರೆ ಬರೆಯುವಾಗ ಮಾತು ಬಿಟ್ಟುಹೋದದ್ದು ಎಂದು ತಕ್ಷಣ ಟಿಪ್ಪಣಿ ಬರೆದುಬಿಟ್ಟೆ. ಆದರೆ ಪ್ರಾಚೀನ ಗ್ರೀಕ್ ಅನುವಾದದಲ್ಲಿಯೂ ಆ ಭಾಗವಿಲ್ಲ ಎಂದು ಮುಂದೆ ತಿಳಿಯಿತು. ಚಿಕ್ಕ ಪಾಠವೇ ಹಳೆಯದಾಗಿದ್ದು, ಉಳಿದದ್ದು ಆಮೇಲೆ ಸೇರಿದ್ದೂ ಆಗಿರಬಹುದು. ಟಿಪ್ಪಣಿಯ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ಅದು ಈಗಲೂ ಹಾಗೆಯೇ ಇದೆ.

ನನ್ನನ್ನು ಹೆಚ್ಚು ಕಾಲ ಹಿಡಿದಿಟ್ಟದ್ದು ಆ ಸೇರ್ಪಡೆಯೊಳಗಿನ ನಾಲ್ಕು ಚುಕ್ಕಿಗಳು. ಯೋದ್, ಹೇ, ವಾವ್, ಹೇ ಎಂಬ ನಾಲ್ಕಕ್ಷರದ ದೇವರ ಹೆಸರು ಇರಬೇಕಾದಲ್ಲಿ ಅವು ಇವೆ. ಇದೇ ಅಂಕಣದಲ್ಲಿ, ಕೆಲವೇ ಸಾಲು ಮೇಲೆ, ‘ಅರಣ್ಯದಲ್ಲಿ ದಾರಿಯನ್ನು ಸಿದ್ಧಮಾಡಿರಿ’ ಎನ್ನುವ ಮೂರನೇ ವಚನದಲ್ಲಿ ಮೊದಲ ಲಿಪಿಕಾರ ಅದೇ ಹೆಸರನ್ನು ನಿಸ್ಸಂಕೋಚವಾಗಿ ಅಕ್ಷರಗಳಲ್ಲಿಯೇ ಬರೆದಿದ್ದಾನೆ.

ಹಾಗಾದರೆ ಸೇರ್ಪಡೆ ಬರೆದವನು ಚುಕ್ಕಿ ಇಟ್ಟದ್ದೇಕೆ? ಉತ್ತರ ಸಿಕ್ಕಿದ್ದು ಅದೇ ಗುಹೆಯ ಇನ್ನೊಂದು ಸುರುಳಿಯಲ್ಲಿ. ತಮ್ಮನ್ನು ‘ಯಹದ್’, ಅಂದರೆ ಒಂದಾಗಿರುವವರು ಎಂದು ಕರೆದುಕೊಂಡ, ಅನೇಕ ವಿದ್ವಾಂಸರು ಎಸ್ಸೀನರೆಂಬ ಪ್ರಾಚೀನ ಯೆಹೂದಿ ಪಂಥದವರೆಂದು ಗುರುತಿಸುವ ಜನರ ನಿಯಮಾವಳಿ ಅದು. ಅನ್ಯಾಯಗಾರರ ನಡುವಿನಿಂದ ಹೊರಟು ತಾವು ಅರಣ್ಯಕ್ಕೆ ಬಂದದ್ದೇಕೆಂದು ಹೇಳುತ್ತಾ, ಅವರು ಇದೇ ಮೂರನೇ ವಚನವನ್ನು ಎತ್ತಿಕೊಂಡು, ದಾರಿ ಎಂದರೆ ಮೋಶೆಯ ಧರ್ಮಶಾಸ್ತ್ರದ ಅಧ್ಯಯನ ಎಂದು ಅರ್ಥ ಹೇಳುತ್ತಾರೆ. ಅಲ್ಲಿಯೂ ಹೆಸರಿನ ಜಾಗದಲ್ಲಿ ನಾಲ್ಕು ಚುಕ್ಕಿಗಳೇ ಇವೆ. ಎರಡೂ ಕಡೆಯ ಕೈ ಒಂದೇ ಎಂಬುದು ಲಿಪಿತಜ್ಞರಲ್ಲಿ ಬಹುಮಂದಿಯ ಅಭಿಪ್ರಾಯ. ಸಭೆಯಲ್ಲಿ ಮಲಗಿ ನಿದ್ದೆಹೋದವನಿಗೆ ಮೂವತ್ತು ದಿನಗಳ ಶಿಕ್ಷೆ ಸಾಕೆನ್ನುವ ಆ ನಿಯಮಾವಳಿ, ಗ್ರಂಥ ಓದುವಾಗಲಾಗಲಿ ಪ್ರಾರ್ಥಿಸುವಾಗಲಾಗಲಿ ಆ ಹೆಸರನ್ನು ಉಚ್ಚರಿಸಿದವನನ್ನು ಮರಳಿ ಬಾರದಂತೆ ಹೊರಹಾಕುತ್ತದೆ.

ನನ್ನ ಮೊದಲ ಪ್ರತಿಯಲ್ಲಿ, ಅಚ್ಚಿನ ಪುಸ್ತಕವನ್ನು ನಂಬಿ, ಆ ಚುಕ್ಕಿಗಳ ಜಾಗದಲ್ಲಿ ಹೆಸರನ್ನು ತುಂಬಿಬಿಟ್ಟಿದ್ದೆ. ಅದನ್ನು ಹೊಡೆದುಹಾಕಿ, ಅಂಚಿನ ಸಾಲನ್ನು ಅಂಚಿಗೇ ಇಳಿಸಿ, ನಾಲ್ಕು ಚುಕ್ಕಿಗಳನ್ನಿಟ್ಟೆ.