ಬೇಲಿಯಾಚೆ ಏನಿದೆ ಮಿಸ್? ಸೊರಗಿದ ಶಾಲೆಯನ್ನು ಎತ್ತಿ ನಿಲ್ಲಿಸೋದು ಹೀಗೆ

ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ. ಊರಿನ ಹೆಸರು ಬೇಡ. ಸುತ್ತ ಶೇಂಗಾ ಹೊಲ, ಆಚೆಗೆ ಎರಡು ಹಟ್ಟಿ, ಒಂದು ತಾಂಡಾ. ಇನ್ನೂ ಆಚೆಗೆ ಹಿಂದೆ ಕುರಿ, ದನ ಮೇಯುತ್ತಿದ್ದ ಕಾವಲಿಗೆ ಈಗ ಉದ್ದಕ್ಕೂ ಬೇಲಿ. ಬೇಲಿ ಒಳಗೆ ಇಸ್ರೊ, ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ.

2023ರ ಏಪ್ರಿಲ್ 2, ಭಾನುವಾರ. ಇಸ್ರೊದವರು ರೆಕ್ಕೆ ಇರುವ ಒಂದು ವಾಹನವನ್ನು ಹೆಲಿಕಾಪ್ಟರಿಗೆ ನೇತುಹಾಕಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟರು. ಅದು ಪೈಲಟ್ ಇಲ್ಲದೆ ತಾನೇ ಬಂದು ಇಲ್ಲಿನ ರನ್‌ವೇಯಲ್ಲಿ ಇಳಿಯಿತು. ಮಾರನೇ ದಿನ ಆರನೇ ಕ್ಲಾಸಿನ ಹುಡುಗಿಯೊಬ್ಬಳು, ಕುರಿ ಕಾಯುವವರ ಮಗಳು, ಎದ್ದು ನಿಂತು ಕೇಳಿದಳು: "ಮಿಸ್, ಆ ಬೇಲಿ ಒಳಗೆ ಏನು ಮಾಡ್ತಾರೆ?" ನಾನು "ಸುಮ್ನೆ ಪುಸ್ತಕ ನೋಡು" ಅಂದೆ. ನನಗೇ ಗೊತ್ತಿರಲಿಲ್ಲ, ಅದಕ್ಕೆ ಗದರಿದೆ.

ಅದಕ್ಕೂ ಹಿಂದಿನ ವರ್ಷ ದಾನಿಗಳನ್ನು ಹಿಡಿದು ಸ್ಮಾರ್ಟ್ ಟಿವಿ ಹಾಕಿಸಿದ್ದೆ. ಗೋಡೆಗೆ ರೈಲಿನ ಬಣ್ಣ ಬಳಿಸಿದ್ದೆ. ಮಕ್ಕಳು ಬಾಗಿಲಲ್ಲಿ ನಿಂತರೆ ಬೋಗಿಯಿಂದ ಇಣುಕಿದ ಹಾಗೆ ಕಾಣುತ್ತಿತ್ತು. ಫೋಟೊ ಚೆನ್ನಾಗಿ ಬಂದವು. ಓದು ಇದ್ದಲ್ಲೇ ಇತ್ತು. ಆದ್ದರಿಂದ ಶಾಲೆ ಎತ್ತಿ ನಿಲ್ಲಿಸೋಕೆ ಹೊರಟ ಶಿಕ್ಷಕರಿಗೆ ನಾನು ಹೇಳೋದು, ಬಣ್ಣದಿಂದ ಶುರು ಮಾಡಬೇಡಿ.

ಶುರು ಮಾಡಬೇಕಾದ್ದು ಜೂನ್ ಮೊದಲ ವಾರ, ಎರಡನೇ ಕ್ಲಾಸಿನ ಕನ್ನಡ ಪುಸ್ತಕ ಹಿಡಿದು. ನಾಲ್ಕರಿಂದ ಏಳನೇ ಕ್ಲಾಸಿನವರೆಗೆ ಒಬ್ಬೊಬ್ಬರನ್ನೇ ಜಗಲಿಗೆ ಕರೆಯಿರಿ. ಬೇರೆ ಮಕ್ಕಳಿಗೆ ಕೇಳಿಸಬಾರದು. ಒಂದು ಪ್ಯಾರಾ ಓದಿಸಿ. ಅಕ್ಷರದಲ್ಲೇ ನಿಂತವರು, ಪದಕ್ಕೆ ಬಂದವರು, ವಾಕ್ಯ ಓದುವವರು, ಪ್ಯಾರಾ ಓದಿ ಅರ್ಥ ಹೇಳುವವರು ಅಂತ ನಾಲ್ಕು ಪಟ್ಟಿ ಮಾಡಿ. ಅಂಕ ಕೊಡಬೇಡಿ, ಬೈಯಬೇಡಿ.

ನಮ್ಮಲ್ಲಿ ಆರನೇ ಕ್ಲಾಸಿನ ಒಬ್ಬ ಹುಡುಗನ ಬರವಣಿಗೆ ಮುತ್ತು ಪೋಣಿಸಿದ ಹಾಗೆ. ಅವನ ನೋಟ್ಸನ್ನೇ ಎಲ್ಲರಿಗೂ ತೋರಿಸುತ್ತಿದ್ದೆವು. ಅವನ ಮುಂದೆ "ಹಬ್ಬದ ದಿನ ಅಜ್ಜಿ ಹೋಳಿಗೆ ಮಾಡಿದಳು" ಅನ್ನುವ ಸಾಲು ಇಟ್ಟೆ. "ಅ... ಬ... ದ" ಅಂದ. ನಿಂತ. ಪಕ್ಕದ ಚಿತ್ರ ನೋಡಿದ. "ಅಜ್ಜಿ ರೊಟ್ಟಿ ಮಾಡ್ತಾಳೆ" ಅಂತ ಗಟ್ಟಿಯಾಗಿ ಹೇಳಿಬಿಟ್ಟ. ಐದು ವರ್ಷ ಬೋರ್ಡ್ ಮೇಲಿನದನ್ನು ಚಿತ್ರ ಬಿಡಿಸಿದ ಹಾಗೆ ಬಿಡಿಸಿದ್ದಾನೆ, ಓದೇ ಇಲ್ಲ! 38 ಮಕ್ಕಳಲ್ಲಿ ಇಂಥವರು 15 ಜನ ಸಿಕ್ಕರು. ಇದರಲ್ಲಿ ದಡ್ಡತನದ ಮಾತೇ ಇಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ತಾಂಡಾದಲ್ಲಿ ಲಂಬಾಣಿ. ಕನ್ನಡವೇ ಅವರಿಗೆ ಶಾಲೆಯ ಭಾಷೆ. ನಾವು ಅದನ್ನು ಮರೆತು ಪಾಠ ಓಡಿಸುತ್ತೇವೆ.

ಪಟ್ಟಿ ಆದ ಮೇಲೆ ದಿನಕ್ಕೊಂದು ಗಂಟೆ ಕ್ಲಾಸುಗಳನ್ನು ಒಡೆಯಿರಿ. ನಾವು ಹಾಲು ಕುಡಿಸಿದ ಮೇಲಿನ ಗಂಟೆ ಇಟ್ಟುಕೊಂಡೆವು. ನಾಲ್ಕು ಜನ ಶಿಕ್ಷಕರು, ನಾಲ್ಕು ಗುಂಪು. ಏಳನೇ ಕ್ಲಾಸಿನವನು ನಾಲ್ಕನೇ ಕ್ಲಾಸಿನವಳ ಪಕ್ಕ ಕೂರಬೇಕಾಗುತ್ತದೆ. ಮೊದಲ ವಾರ ನಾಚಿಕೆ, ಆಮೇಲೆ ಮರೆಯುತ್ತಾರೆ. ಒತ್ತಕ್ಷರ ಕಲಿಸೋಕೆ ಊರಿನ ಹೆಸರುಗಳಿಗಿಂತ ಒಳ್ಳೆ ಪಠ್ಯ ಇಲ್ಲ. ನಮ್ಮ ಕಡೆ ತಿಪ್ಪೇಸ್ವಾಮಿ ಇಲ್ಲದ ಮನೆ ಉಂಟೇ? ಪ ಕೆಳಗೆ ಪ, ಸ ಕೆಳಗೆ ವ, ಒಂದೇ ಹೆಸರಲ್ಲಿ ಎರಡು ಒತ್ತು. ಓಬಯ್ಯ, ಮಲ್ಲಮ್ಮ, ಪಾಲಯ್ಯ ಎಲ್ಲರೂ ಸಾಲಾಗಿ ಬಂದರು. ದೀಪಾವಳಿ ಹೊತ್ತಿಗೆ ಓದಲು ಬಾರದ 15ರಲ್ಲಿ ನಾಲ್ಕು ಮಕ್ಕಳಷ್ಟೇ ಉಳಿದರು. ಆ ನಾಲ್ವರಲ್ಲಿ ಇಬ್ಬರು ಆಗಲೇ ಅಪ್ಪ ಅಮ್ಮನ ಜೊತೆ ಗುಳೆ ಹೋಗಿದ್ದರು.

ಗುಳೆ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಶೇಂಗಾ ಕಿತ್ತ ಮೇಲೆ ಹೊಲದಲ್ಲಿ ಕೆಲಸ ಇರಲ್ಲ. ಬೆಂಗಳೂರಿನ ಕಟ್ಟಡ ಕೆಲಸ, ಇಲ್ಲಾ ಮಲೆನಾಡಿನ ಕಾಫಿ ತೋಟ. ಹೊರಟ ಮೇಲೆ ಫೋನ್ ಮಾಡಿ ಪ್ರಯೋಜನ ಇಲ್ಲ. ಹೊರಡುವ ಮುಂಚೆ ಮನೆಗೆ ಹೋಗಿ, ಅಜ್ಜಿ ಇದ್ದರೆ ಅಜ್ಜಿ ಹತ್ತಿರವೇ ಮಾತಾಡಿ. "ಯವ್ವಾ, ಹುಡುಗಿ ನಿನ್ನ ಜೊತೆ ಇರಲಿ, ಮಧ್ಯಾಹ್ನದ ಊಟ ಶಾಲೆಯಲ್ಲಿ" ಅಂದರೆ ಅರ್ಧ ಮನೆಗಳು ಒಪ್ಪುತ್ತವೆ. ಉಳಿದರ್ಧಕ್ಕೆ ನನ್ನ ಹತ್ತಿರ ಉಪಾಯ ಇಲ್ಲ.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯನ್ನು ಸೋಮವಾರ ಇಡಿ. ನಮ್ಮ ಕಡೆ ಅವತ್ತು ಎತ್ತು ಕಟ್ಟೋದಿಲ್ಲ, ಜನ ಸಿಗುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧ ಹೆಂಗಸರು. ಕಾಗದದ ಮೇಲೆ ಇರುತ್ತಾರೆ, ಸಭೆಗೆ ಗಂಡ ಬರುತ್ತಾನೆ. ಹೆಂಗಸರು ಬಂದ ಮೊದಲ ಸಭೆಯಲ್ಲೇ ಟಾಯ್ಲೆಟ್ಟಿಗೆ ನೀರಿನ ಪೈಪ್ ಎಳೆಯುವ ತೀರ್ಮಾನ ಆಯಿತು. ಅಲ್ಲಿವರೆಗೆ ಯಾರಿಗೂ ಅದು ನೆನಪೇ ಆಗಿರಲಿಲ್ಲ ನೋಡಿ.

ಇಷ್ಟು ಕುದುರಿದರೆ ಪ್ರಪಂಚಕ್ಕೆ ಬನ್ನಿ. ಅದಕ್ಕೆ ಟಿವಿ ಬೇಡ, ಖಾಲಿ ಎಣ್ಣೆ ಪ್ಯಾಕೆಟ್ ಸಾಕು. ಚಳ್ಳಕೆರೆಯನ್ನು ಎಣ್ಣೆ ನಗರ ಅಂತಿದ್ದರು, ಅಷ್ಟು ಮಿಲ್ಲುಗಳಿದ್ದವು. ಈಗ ಎಷ್ಟೋ ಮುಚ್ಚಿವೆ. "ನಿಮ್ಮ ಮನೆ ಎಣ್ಣೆ ಪ್ಯಾಕೆಟ್ ತನ್ನಿ" ಅಂದೆ. ಬಂದ ಪ್ಯಾಕೆಟ್‌ಗಳಲ್ಲಿ ಹೆಚ್ಚಿನವು ತಾಳೆ ಎಣ್ಣೆ, ಸೂರ್ಯಕಾಂತಿ. ಶೇಂಗಾ ಬೆಳೆಯುವ ಮನೆಯಲ್ಲಿ ತಾಳೆ ಎಣ್ಣೆ! "ತಾಳೆ ಎಲ್ಲಿ ಬೆಳೀತಾರೆ?" ಗ್ಲೋಬ್ ತೆಗೆದೆವು. ಇಂಡೊನೇಷ್ಯಾ, ಮಲೇಷ್ಯಾ. ದಾರ ಹಿಡಿದು ಅಲ್ಲಿಂದ ಮಂಗಳೂರು ಬಂದರಿಗೆ, ಅಲ್ಲಿಂದ ಚಳ್ಳಕೆರೆಗೆ ಎಳೆದರು. ಒಬ್ಬ ಹುಡುಗ ತಾತನನ್ನೇ ಕರೆದುಕೊಂಡು ಬಂದ. ತಾತ ಮಿಲ್ಲಿನಲ್ಲಿ ಹಮಾಲಿ ಮಾಡಿದವರು. ಹೊರಗಿನ ಎಣ್ಣೆ ಅಗ್ಗಕ್ಕೆ ಬಂದ ಮೇಲೆ ಮಿಲ್ಲಿಗೆ ಕೆಲಸ ಕಮ್ಮಿ ಆದದ್ದನ್ನು ಅರ್ಧ ಗಂಟೆ ಹೇಳಿದರು. ಸಮಾಜ, ಲೆಕ್ಕ, ಇಂಗ್ಲಿಷ್ ಮೂರೂ ಆ ಪ್ಯಾಕೆಟ್‌ನಲ್ಲೇ ಆದವು. ಇಂಗ್ಲಿಷನ್ನು ಹಾಗೇ ಕಲಿಸಿ, ಎಣ್ಣೆ ಪ್ಯಾಕೆಟ್, ಔಷಧಿ ಬಾಟಲಿ, ಗೊಬ್ಬರದ ಚೀಲದ ಮೇಲಿನ ಪದಗಳಿಂದ. "ಮೈ ನೇಮ್ ಈಸ್" ಬಾಯಿಪಾಠ ಮಾಡಿಸಿ ಅತಿಥಿಗಳ ಮುಂದೆ ನಿಲ್ಲಿಸೋದನ್ನು ನಾನು ಬಿಟ್ಟಿದ್ದೇನೆ. ಪಠ್ಯಪುಸ್ತಕದ ಕ್ಯುಆರ್ ಕೋಡ್‌ಗೆ ನಿಮ್ಮ ಫೋನೇ ಸಾಕು.

ಪ್ರವಾಸಕ್ಕೆ ಮೈಸೂರಿಗೇ ಹೋಗಬೇಕಂತ ಇಲ್ಲ. ನಾವು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋದೆವು. ಅಶೋಕನ ಶಾಸನ ಬಂಡೆ ಮೇಲಿದೆ, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಬರೆದವನು ಚಪಡ. ಕೊನೆಯಲ್ಲಿ 'ಲಿಪಿಕಾರ' ಅನ್ನುವ ಮಾತನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಅದು ಈಗಿನ ಪಾಕಿಸ್ತಾನದ ಕಡೆ ಬಳಸುತ್ತಿದ್ದ, ಬಲದಿಂದ ಎಡಕ್ಕೆ ಬರೆಯುವ ಲಿಪಿ. "ಅಷ್ಟು ದೂರದವನು ಇಲ್ಲಿಗೆ ಯಾಕೆ ಬಂದ?" ಅಂತ ಕೇಳಿದ್ದು ಅಕ್ಷರ ಗುಂಪಿನಲ್ಲಿದ್ದ ಆ ಮುತ್ತಿನ ಬರವಣಿಗೆ ಹುಡುಗ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿದ್ದನ್ನೂ ಹೇಳಿದೆ. ವಾಪಸ್ ಬರುವಾಗ ಬಸ್ಸಿನ ತುಂಬ ಎಡಕ್ಕೆ ಹೆಸರು ಬರೆಯುವ ಆಟ.

ಎಂಟನೇ ಕ್ಲಾಸ್ ಇರುವ ಶಾಲೆಯಾದರೆ ಬಡ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನದ ಎನ್‌ಎಂಎಂಎಸ್ ಪರೀಕ್ಷೆ ಕಟ್ಟಿಸಿ. ಆಯ್ಕೆ ಆದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ. ಆದಾಯ ಪ್ರಮಾಣ ಪತ್ರಕ್ಕೆ ಮುಂಚೆಯೇ ಅರ್ಜಿ ಹಾಕಿಸಿ, ಕೊನೇ ವಾರದಲ್ಲಿ ಅಲೆದು ಸಾಕಾಗುತ್ತದೆ.

ಬೇಲಿಯ ಪ್ರಶ್ನೆಗೆ ಏನಾಯಿತು? 200 ಪುಟದ ಒಂದು ಪುಸ್ತಕ ತಂದು ಮೇಜಿನ ಮೇಲೆ ಇಟ್ಟೆ. ಮಿಸ್‌ಗೆ ಉತ್ತರ ಬಾರದ ಪ್ರಶ್ನೆಗಳನ್ನು ಮಕ್ಕಳೇ ಅದರಲ್ಲಿ ಬರೆಯಬೇಕು. ಮೊದಲ ಪುಟದಲ್ಲಿ ಆ ಹುಡುಗಿಯದೇ. ಉತ್ತರವನ್ನು ಇಬ್ಬರೂ ಕೂತು ಹುಡುಕಿದೆವು. ಚಂದ್ರಯಾನದ ಲ್ಯಾಂಡರ್ ಪರೀಕ್ಷೆಗೆ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಮೇಲಿನಂಥ ಗುಂಡಿ ತೋಡಿದ್ದರು ಅಂತ ಓದಿದಾಗ ಅವಳು ನಕ್ಕಳು. "ಅಲ್ಲೇ ಮಿಸ್, ನಮ್ಮಪ್ಪ ಮೊದ್ಲು ಕುರಿ ಬಿಡ್ತಿದ್ದಿದ್ದು." ಅದರ ಕೆಳಗೆ ಮರುದಿನ ಇನ್ನೊಂದು ಪ್ರಶ್ನೆ ಬರೆದಿದ್ದಳು: "ಕುರಿಗೆ ಈಗ ಜಾಗ ಎಲ್ಲಿ?" ಅದನ್ನು ಮುಂದಿನ ಸೋಮವಾರದ ಸಭೆಗೆ ಒಯ್ದೆವು.