ಸೀತಾಳೆ ದಂಡೆಗೆ ಮಣ್ಣು ಬೇಡ

ನನ್ನ ಮೊದಲ ಸೀತಾಳೆ ಗಿಡ ಸತ್ತದ್ದು ಕುಂಡದಲ್ಲಿ. ಕೆಂಪು ಮಣ್ಣು, ಸಗಣಿ ಗೊಬ್ಬರ, ದಿನಾ ಎರಡು ಹೊತ್ತು ನೀರು. ಮಳೆಗಾಲ ಮುಗಿಯುವುದರೊಳಗೆ ಬೇರೆಲ್ಲ ಕೊಳೆತು ಕಪ್ಪಾಯಿತು. "ಮರದ ಮೇಲಿರೋದನ್ನ ನೆಲಕ್ಕಿಳಿಸಿದ್ರೆ ಇನ್ನೇನಾಗತ್ತೆ?" ಅಂದರು ಅತ್ತೆ.

ಇದು ನಮ್ಮ ಮಲೆನಾಡಿನ ಕಾಡುಗಳಲ್ಲಿ ಮರಕ್ಕೆ ಅಂಟಿಕೊಂಡು ಬೆಳೆಯುವ ಆರ್ಕಿಡ್. ಬಂದಳಿಕೆಯಲ್ಲ. ಮರದ ರಸ ಹೀರುವುದಿಲ್ಲ, ಸುಮ್ನೆ ಕೂರಲು ಜಾಗ ಕೇಳುತ್ತದೆ ಅಷ್ಟೆ. ಬಂದಳಿಕೆ ಅಂದುಕೊಂಡು ಕೆರೆದು ಎಸೆಯುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ಗಿಡಕ್ಕಾಗಿ ಕಾಡಿಗೆ ಕೈಹಾಕಬೇಡಿ. ಬೆಳೆಸಿದ ಸಸಿ ಮಾರುವ ನರ್ಸರಿಗಳಿವೆ. ನನಗೆ ಎರಡನೆಯದು ಸಿಕ್ಕಿದ್ದು ಗಾಳಿಗೆ ಮುರಿದು ನಮ್ಮ ಅಂಗಳಕ್ಕೇ ಬಿದ್ದ ಹಲಸಿನ ಕೊಂಬೆಯಲ್ಲಿ.

ಮಾವು, ಹಲಸಿನಂಥ ಒರಟು ತೊಗಟೆಯ ಮರ ಒಳ್ಳೆಯದು. ಪೇರಲೆ ಬೇಡ, ಅದರ ತೊಗಟೆ ಸುಲಿಯುತ್ತದೆ, ಜೊತೆಗೆ ಗಿಡವೂ ಕಳಚುತ್ತದೆ. ಬೆಳಗಿನ ಬಿಸಿಲು ಎಲೆ ಸಂದಿಯಿಂದ ಬೀಳಬೇಕು, ನಡು ಮಧ್ಯಾಹ್ನದ ಬಿಸಿಲು ಬೇಡ. ಜೂನ್ ಮೊದಲ ಮಳೆ ಹಿಡಿದಾಗ ಕಟ್ಟಿ. ಬೇರಿನ ಹಿಂದೆ ಒಂದು ಹಿಡಿ ತೆಂಗಿನ ನಾರು, ಮೇಲೆ ಹಳೆ ಸೀರೆಯ ಪಟ್ಟಿ ಸಾಕು. ತಂತಿ ಬಿಗಿದರೆ ಬೇರು ಕತ್ತರಿಸುತ್ತದೆ. ಗಿಡವನ್ನು ಸ್ವಲ್ಪ ವಾಲಿಸಿ ಕಟ್ಟಿ. ಎಲೆಗಳ ನಡುವೆ ನೀರು ನಿಂತರೆ ಸುಳಿ ಕೊಳೆಯುತ್ತದೆ. ಹೊಸ ಬೇರು ತೊಗಟೆ ಹಿಡಿದ ಮೇಲೆ ಪಟ್ಟಿ ಬಿಚ್ಚಬಹುದು.

ಬೆಂಗಳೂರಿನ ಬಾಲ್ಕನಿಯವರು ತೂತಿನ ಬುಟ್ಟಿಯಲ್ಲಿ ಇದ್ದಿಲು, ಹೆಂಚಿನ ಚೂರು ಹಾಕಿ ಕೂರಿಸಿ ತೂಗುಹಾಕಿ.

ನೀರು ಯಾವಾಗ? ಬೇರನ್ನೇ ನೋಡಿ. ಬೂದು ಬಿಳಿ ಇದ್ದರೆ ಬಾಯಾರಿದೆ, ಹಸಿರಿದ್ದರೆ ಸಾಕಾಗಿದೆ. ಬೇಸಿಗೆಯಲ್ಲಿ ನಾನು ಬೆಳಿಗ್ಗೆ ಚಿಮುಕಿಸುತ್ತೇನೆ, ಸಂಜೆಯೊಳಗೆ ಒಣಗಬೇಕು. ಮಳೆಗಾಲದಲ್ಲಿ ಮುಟ್ಟುವುದೇ ಇಲ್ಲ. ಆಗ ಕೆಲಸ ಬಸವನಹುಳುವಿನದ್ದು, ರಾತ್ರಿ ಬಂದು ಎಳೆ ಬೇರಿನ ತುದಿ ಮೇಯುತ್ತದೆ. ಟಾರ್ಚ್ ಹಿಡಿದು ಹೆಕ್ಕುವುದೊಂದೇ ದಾರಿ.

ಹೂವಿಗೆ ಅವಸರ ಮಾಡಬೇಡಿ. ನಮ್ಮದು ಮೂರನೇ ವರ್ಷ ಬಿಟ್ಟಿತು. ಮೇ ಕೊನೆಯಲ್ಲಿ ನರಿ ಬಾಲದಂತೆ ಇಳಿಬಿದ್ದ ದಂಡೆ. ಬಿಳಿ ಎಸಳಿನ ಮೇಲೆ ನೇರಳೆ ಚುಕ್ಕೆ, ಒಂದೊಂದು ದಂಡೆಯಲ್ಲೂ ನೂರರ ಹತ್ತಿರ ಹೂ. ಅಸ್ಸಾಮಿನ ರಾಜ್ಯ ಹೂವೂ ಇದೇ, ಬಿಹು ಹಬ್ಬಕ್ಕೆ ಅಲ್ಲಿನ ಹೆಂಗಸರು ಮುಡಿಯುತ್ತಾರೆ.

ಗಿಡದಲ್ಲೇ ಬಿಟ್ಟರೆ ಎರಡು ವಾರ ಇರುತ್ತದೆ, ಕೀಳಬೇಡಿ ಅಂತ ಮನೆಯವರಿಗೆಲ್ಲ ಹೇಳಿಟ್ಟಿದ್ದೆ. ಈ ಸಲ ಬಿಟ್ಟಿದ್ದು ಮೂರು ದಂಡೆ. ಒಂದನ್ನು ಅತ್ತೆ ಕಿತ್ತು ಮುಡಿದೇಬಿಟ್ಟರು. ಏನನ್ನಲಿ, ಚೆನ್ನಾಗೇ ಕಾಣುತ್ತಿತ್ತು.