ಗೀಸರನ್ನು ಪಡುವಣ ಗೋಡೆಯಿಂದ ತೆಗೆದ ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ಮುಂಗಾರಿನ ಎರಚಲು ಮನೆಯ ಪಡುವಣ ಗೋಡೆಗೇ ಬಡಿಯುತ್ತದೆ ಎಂಬುದು ಇಲ್ಲಿ ಮನೆ ಕಟ್ಟಿಸಿದ ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೂ ಇಪ್ಪತ್ತೆರಡು ವರ್ಷಗಳ ಹಿಂದೆ ಹಂಡೆ ಒಲೆ ಕಿತ್ತು ಗೀಸರ್ ಹಾಕಿಸುವಾಗ, ನೀರಿನ ಪೈಪು ಹತ್ತಿರವಿದೆ ಎಂಬ ಒಂದೇ ಕಾರಣಕ್ಕೆ ನಾವು ಅದೇ ಗೋಡೆಯನ್ನು ಆರಿಸಿದ್ದೆವು. ಜುಲೈ ಬಂದರೆ ಆ ಗೋಡೆಯ ಗಾರೆ ಥಂಡಿ ಹಿಡಿದು ಬಣ್ಣ ಉಬ್ಬುತ್ತಿತ್ತು. ಗೀಸರಿನ ಸಾಕೆಟ್ಟು ಶವರಿನಿಂದ ಎರಡು ಅಡಿ ದೂರದಲ್ಲಿ, ನೀರು ಸಿಡಿಯುವಷ್ಟು ಸಮೀಪದಲ್ಲಿತ್ತು. ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನನ್ನ ಹೆಂಡತಿ, "ರೀ, ನಲ್ಲಿ ಮುಟ್ಟಿದ್ರೆ ಜುಂ ಅನ್ನತ್ತೆ, ಬಂದು ನೋಡಿ" ಎಂದು ಕರೆದ ಮೇಲೆ ಕೆಲಸವನ್ನು ಮುಂದೂಡಲು ಸಾಧ್ಯವಾಗಲಿಲ್ಲ.

ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಮೋಟಾರು ಮತ್ತು ಪ್ಯಾನೆಲ್ಲುಗಳ ಉಸ್ತುವಾರಿ ನೋಡಿಕೊಂಡು ನಿವೃತ್ತನಾದವನು ನಾನು. ಆದ್ದರಿಂದ ವೈರು ಎಳೆಯುವುದು, ಅಳತೆ ಮಾಡುವುದು ನನಗೆ ಹೊಸದಲ್ಲ. ಮೇನ್ ಆಫ್ ಮಾಡಿ, ಟೆಸ್ಟರಿನಿಂದ ಎರಡು ಸಲ ಪರೀಕ್ಷಿಸಿ ಸಾಕೆಟ್ಟಿನ ಪ್ಲೇಟು ಬಿಚ್ಚಿದಾಗ ಒಳಗೆ ಮೂರು ವೈರುಗಳು ಕಂಡವು. ಕೆಂಪು ವೈರಿನ ಹೊದಿಕೆ ಸ್ಕ್ರೂ ಬಳಿ ಕಂದು ತಿರುಗಿ, ಉಗುರು ತಾಗಿಸಿದರೆ ಉದುರುವಷ್ಟು ಗರಿಗರಿಯಾಗಿತ್ತು. ಕಪ್ಪು ವೈರು ಸರಿಯಿತ್ತು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಬೇಕಾದ ಹಸಿರು ವೈರು ಮಾತ್ರ ಅರ್ಥಿಂಗ್ ಸ್ಕ್ರೂಗೆ ಸೇರದೆ, ಸುರುಳಿ ಸುತ್ತಿಕೊಂಡು ಡಬ್ಬಿಯ ಮೂಲೆಯಲ್ಲಿ ಬೆಚ್ಚಗೆ ಮಲಗಿತ್ತು. ಇಪ್ಪತ್ತೆರಡು ವರ್ಷ ನಾವು ಅರ್ಥಿಂಗ್ ಇಲ್ಲದ ಗೀಸರಿನ ಕೆಳಗೆ ನಿಂತು ಸ್ನಾನ ಮಾಡಿದ್ದೆವು!

ಅರ್ಥಿಂಗ್ ಇದೆಯೇ ಎಂದು ತಿಳಿಯಲು ಬರೀ ಮಲ್ಟಿಮೀಟರ್ ನಂಬಬಾರದು ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಮೀಟರು ಎಳೆಯುವ ಕರೆಂಟು ತೀರಾ ಕಡಿಮೆಯಾದ್ದರಿಂದ, ಹೊರಗೆ ಅರ್ಥಿಂಗ್ ಗುಂಡಿಯ ಬಳಿ ಕ್ಲ್ಯಾಂಪು ತುಕ್ಕು ಹಿಡಿದು ಸಡಿಲವಾಗಿದ್ದರೂ ಅದು ಫೇಸಿಗೂ ಅರ್ಥಿಗೂ ನಡುವೆ ಪೂರ್ತಿ ವೋಲ್ಟೇಜು ತೋರಿಸಿಬಿಡಬಹುದು. ನಮ್ಮ ಹಸಿರು ವೈರಿಗೆ ಅದು 226 ತೋರಿಸಿತು. ಅದೇ ಜಾಗಕ್ಕೆ ಹೋಲ್ಡರಿನಲ್ಲಿ ನೂರು ವಾಟಿನ ಬಲ್ಬು ಸಿಕ್ಕಿಸಿ ನೋಡಿದರೆ ಬಲ್ಬು ಕೆಂಪಗೆ ಮಿಣುಕಿತಷ್ಟೇ. ಹಾಗಾಗಿ ಮೊದಲು ಹಿತ್ತಲಿನ ಗುಂಡಿಯ ಕ್ಲ್ಯಾಂಪು ಬದಲಿಸಿ, ಮಣ್ಣು ತೇವವಾಗಲೆಂದು ನೀರು ಹೊಯ್ದು, ಬಲ್ಬು ಪೂರ್ತಿ ಬೆಳಗುವುದನ್ನು ನೋಡಿಕೊಂಡ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕಿದೆ. ಈ ಪರೀಕ್ಷೆ ನಡೆಯುವಾಗ ಮನೆಯಲ್ಲಿ ಯಾರೂ ನಲ್ಲಿಯನ್ನಾಗಲಿ, ಫ್ರಿಜ್ಜನ್ನಾಗಲಿ ಮುಟ್ಟಕೂಡದು. ಅನುಭವವಿಲ್ಲದವರು ಇದನ್ನು ಮಾಡಲೇಬಾರದು.

ಗೀಸರ್ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಎರಡು ಗೋಡೆಗಳಿದ್ದವು. ಅಡುಗೆಮನೆಯ ಕಡೆಯ ಗೋಡೆ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್ಚು) ಬಾಕ್ಸಿಗೆ ಹತ್ತಿರವಿದ್ದರೂ ನಾಲ್ಕೂವರೆ ಇಂಚಿನದು. 25 ಲೀಟರಿನ ಗೀಸರು ನೀರು ತುಂಬಿದಾಗ ಮೈಭಾರವೂ ಸೇರಿ ಮೂವತ್ತೈದು ಕಿಲೋ ದಾಟುವುದರಿಂದ ಅದನ್ನು ಕೈಬಿಟ್ಟು, ಮಲಗುವ ಕೋಣೆಯ ಕಡೆಯ ಒಂಬತ್ತು ಇಂಚಿನ ಗೋಡೆಯನ್ನು ಆರಿಸಿದೆ. ಅದು ಶವರಿಗೆ ಎದುರಾಗಿದೆ, ಮಳೆಯ ಎರಚಲು ಅಲ್ಲಿಗೆ ತಲುಪುವುದಿಲ್ಲ.

ಎಲ್ಲರೂ ಕೊಡುವ ಸಲಹೆಯೆಂದರೆ ಹಳೆಯ ವೈರಿಗೆ ಹೊಸ ವೈರು ಜೋಡಿಸಿ, ಟೇಪು ಸುತ್ತಿ, ನಾಲ್ಕಡಿ ಆಚೆಗೆ ಒಯ್ಯುವುದು. ನಾನು ಅದಕ್ಕೆ ಒಪ್ಪಲಿಲ್ಲ. 2000 ವಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟು ದಿನವೂ ಅರ್ಧ ತಾಸು ಹರಿಯುವ ಲೈನಿನಲ್ಲಿ ಗೋಡೆಯೊಳಗೆ ಹೂತುಹೋದ ಜಾಯಿಂಟು ಸಡಿಲವಾದರೆ, ಅದು ಬಿಸಿಯಾಗುವುದು ಹೊಗೆ ಬಂದ ಮೇಲೆಯೇ ತಿಳಿಯುತ್ತದೆ. ಮೇಲಾಗಿ ಹಳೆಯ ಲೈನಿಗೆ, ವೈರಿನ ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತದೆಂದು ಅಳೆಯುವ 500 ವೋಲ್ಟಿನ ಮೆಗ್ಗರ್ ಹಚ್ಚಿದಾಗ ಇನ್ಸುಲೇಷನ್ ಒಂದು ಮೆಗಾಓಮಿಗೂ ಕಡಿಮೆಯಿತ್ತು, ಅಂದರೆ ಹೊದಿಕೆ ಸೋತಿತ್ತು. ಆದ್ದರಿಂದ ಎಂಸಿಬಿ ಬಾಕ್ಸಿನಿಂದಲೇ ಹೊಸ ಲೈನು ಎಳೆದೆ. ಲೆಕ್ಕಕ್ಕೆ 2.5 ಚದರ ಮಿಲಿಮೀಟರ್ ತಾಮ್ರದ ವೈರು ಸಾಕು, ಆದರೆ ಇನ್ನೊಮ್ಮೆ ಗೋಡೆ ಒಡೆಯುವ ಆಸೆ ನನಗಿರಲಿಲ್ಲ, ಎಂ.ಜಿ. ರಸ್ತೆಯ ಅಂಗಡಿಯಿಂದ 4 ಚದರ ಮಿಲಿಮೀಟರಿನದನ್ನೇ ತಂದೆ.

ಗೋಡೆ ಕೊರೆಯುವುದೇ ಇಡೀ ಕೆಲಸದಲ್ಲಿ ಬೇಸರದ ಭಾಗ. ಕಟ್ಟರಿನಿಂದ ಎರಡು ಗೆರೆ ಎಳೆದು ನಡುವಿನ ಗಾರೆಯನ್ನು ಉಳಿಯಿಂದ ಎಬ್ಬಿಸಿದೆ. ಎರಡು ದಿನ ಮನೆ ತುಂಬ ಧೂಳು. ಗೆರೆಯನ್ನು ನೇರ ಮೇಲಕ್ಕೆ, ನೇರ ಅಡ್ಡಕ್ಕೆ ಮಾತ್ರ ತಂದೆನೇ ಹೊರತು ಹತ್ತಿರವೆಂದು ಓರೆಯಾಗಿ ತರಲಿಲ್ಲ, ಏಕೆಂದರೆ ಮುಂದೆ ಯಾರಾದರೂ ಕ್ಯಾಲೆಂಡರಿಗೆ ಮೊಳೆ ಹೊಡೆಯುವಾಗ ಪೈಪು ಎಲ್ಲಿರಬಹುದೆಂದು ಊಹಿಸುವಂತಿರಬೇಕು. ಗಾರೆ ಮುಚ್ಚುವ ಮುನ್ನ ಟೇಪು ಹಿಡಿದು ಫೋಟೋ ತೆಗೆದಿಟ್ಟೆ. ಸಾಕೆಟ್ಟನ್ನು ಗೀಸರಿನ ಪಕ್ಕಕ್ಕೆ ಎತ್ತರದಲ್ಲಿ ಕೂರಿಸಿ, ಸ್ವಿಚ್ಚನ್ನು ಮಾತ್ರ ಬಚ್ಚಲಿನ ಬಾಗಿಲ ಹೊರಗೆ ತಂದೆ. ಅದು ಫೇಸು, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ 20 ಆಂಪಿಯರಿನ ಡಿಪಿ ಸ್ವಿಚ್ಚು. ಒದ್ದೆ ಕೈಯಲ್ಲಿ ಅದನ್ನು ಮುಟ್ಟುವ ಪ್ರಸಂಗ ಈಗ ಇಲ್ಲ.

ಗೀಸರನ್ನು ಇಳಿಸುವ ಮುನ್ನ ವಾಲ್ವು ಮುಚ್ಚಿ, ತಣ್ಣೀರು ಒಳಗೆ ಹೋಗುವ ಬಾಯಿಂದ ನೀರನ್ನೆಲ್ಲ ಬಕೆಟ್ಟಿಗೆ ಇಳಿಸಿದೆ. ಬೋರಿನ ನೀರಿನ ಸುಣ್ಣ ಎಲಿಮೆಂಟಿನ ಮೇಲೆ ದಪ್ಪಗೆ ಕಟ್ಟಿತ್ತು. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಮೆಗ್ನೀಷಿಯಂ ಕೋಲು ಪೆನ್ಸಿಲಿನ ಸೀಸದಷ್ಟು ಉಳಿದಿತ್ತು. ಎಲಿಮೆಂಟಿಗೂ ಗೀಸರಿನ ಮೈಗೂ ಮೆಗ್ಗರ್ ಹಚ್ಚಿದಾಗ ಜುಂ ಎನ್ನುವುದರ ಮೂಲ ಸಿಕ್ಕಿತು: ಕರೆಂಟು ಅಲ್ಲೇ ಸೋರುತ್ತಿತ್ತು. ಅದನ್ನು ನೋಡದೆ ಗೀಸರಿನ ಗೋಡೆ ಮಾತ್ರ ಬದಲಿಸಿದ್ದರೆ ಕಾಯಿಲೆಯೂ ಜೊತೆಗೇ ಬರುತ್ತಿತ್ತು. ಎಲಿಮೆಂಟು, ಕೋಲು ಎರಡನ್ನೂ ಹೊಸದು ಹಾಕಿ, 10 ಮಿಲಿಮೀಟರಿನ ಆಂಕರ್ ಬೋಲ್ಟುಗಳನ್ನು ಗಾರೆಯ ಸಂದಿಗೆ ಬೀಳದಂತೆ ಇಟ್ಟಿಗೆಯ ಮಧ್ಯಕ್ಕೇ ಕೊರೆದು ಬಿಗಿದು, ಗೀಸರನ್ನು ತೂಗುಹಾಕಿದೆ. ಗೀಸರಿನ ಜೊತೆ ಬರುವ ಕೇಬಲಿನಲ್ಲಿ ಕಂದು ಫೇಸು, ನೀಲಿ ನ್ಯೂಟ್ರಲ್, ಹಸಿರು ಹಳದಿ ಪಟ್ಟೆಯದು ಅರ್ಥು. ಗೋಡೆಯ ಕೆಂಪು, ಕಪ್ಪು, ಹಸಿರಿಗೆ ಅವು ಇದೇ ಕ್ರಮದಲ್ಲಿ ಹೊಂದುತ್ತವೆ.

ಬಾಕ್ಸಿನೊಳಗಿನ ಕೆಲಸಕ್ಕೆ ಮಾತ್ರ ಲೈಸೆನ್ಸ್ ಇರುವ ಹಳೆಯ ಸಹೋದ್ಯೋಗಿಯನ್ನು ಕರೆದೆ, ಏಕೆಂದರೆ ಮೇನ್ ಆಫ್ ಮಾಡಿದರೂ ಮೀಟರಿನಿಂದ ಬರುವ ತುದಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಅವರು 16 ಆಂಪಿಯರಿನ ಎಂಸಿಬಿಯ ಜೊತೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕೂರಿಸಿದರು. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನ ಮೈಯ ಮೂಲಕ ಕರೆಂಟು ನೆಲಕ್ಕೆ ಸೋರುವುದನ್ನು ಕಂಡು ಕಡಿಯುವುದು ಆರ್‌ಸಿಸಿಬಿ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ನಾನು ಪ್ರತಿ ತಿಂಗಳ ಮೊದಲ ಭಾನುವಾರ ಒತ್ತಿ ನೋಡುತ್ತೇನೆ.

ಮೊದಲು ನೀರು ತುಂಬಿಸಿ, ಬಿಸಿನೀರಿನ ನಲ್ಲಿಯಿಂದ ಗಾಳಿಯೆಲ್ಲ ಹೋಗಿ ಧಾರೆ ಸಮನಾದ ಮೇಲೆಯೇ ಸ್ವಿಚ್ಚು ಹಾಕಿದೆವು. ಡಿಸೆಂಬರಿನ ನೀರು ಹದಕ್ಕೆ ಬರಲು ಮೂವತ್ತೈದು ನಿಮಿಷ ಬೇಕು. ಮಳೆಗಾಲದ ಸಂಜೆ ವೋಲ್ಟೇಜು 190ಕ್ಕೆ ಕುಸಿದರೆ 2000 ವಾಟಿನ ಗೀಸರು 1400 ವಾಟಿಗೂ ಕಡಿಮೆ ಕೆಲಸ ಮಾಡುವುದರಿಂದ ಹೆಚ್ಚು ಹೊತ್ತು ಹಿಡಿಯುತ್ತದೆ. ಬಿಸಿನೀರಿನ ಪೈಪು ಈಗ ಆರು ಅಡಿ ಉದ್ದವಾಗಿದೆ. ಮೊದಲ ಎರಡು ಚೊಂಬು ತಣ್ಣೀರೇ ಬರುತ್ತದೆಂದು ಮನೆಯವರ ದೂರು ಇದೆ. ಆ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಹಿತ್ತಲಿನ ಅರ್ಥಿಂಗ್ ಗುಂಡಿಗೆ ಹೊಯ್ಯುತ್ತಿದ್ದೇನೆ.